ಚಿಮ್ನಿಯ ಮೇಲಿದ್ದ ಗೆರೆ

ವಿನೆಗರ್ ವಾಸನೆ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಹೋದ ವರ್ಷ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತಳ್ಳುಗಾಡಿಯವನೊಬ್ಬ ಗೋಬಿ ಮಂಚೂರಿ ಮಾಡುತ್ತಿದ್ದ. ಕಾದ ಬಾಣಲೆಗೆ ವಿನೆಗರ್ ಸುರಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. "ಏನಾಯ್ತು ಅತ್ತೆ, ಬಿಪಿ ಏನಾದ್ರೂ..." ಅಂತ ಸೊಸೆ ಗಾಬರಿಯಾದಳು. ಬಿಪಿಯೂ ಇಲ್ಲ, ಗಿಪಿಯೂ ಇಲ್ಲ. ಅಲ್ಲಿಂದ ನಾಲ್ಕು ಅಂಗಡಿ ಆಚೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಡಾರ್ಕ್‌ರೂಮಿನಲ್ಲಿ ಹಗಲಿಡೀ ಇದೇ ಹುಳಿ ವಾಸನೆ. ಡೆವಲಪರ್‌ನಿಂದ ತೆಗೆದ ಕಾಗದವನ್ನು ಅದ್ದುವ ನೀರಿಗೆ ಇದೇ ಆ್ಯಸಿಡ್ ಬೆರೆಸುತ್ತಿದ್ದೆವು. ಆ ವಾಸನೆಯ ಜೊತೆ ನನಗೆ ನೆನಪಾಗುವುದು ಒಂದು ವರ್ಷದ ಆಷಾಢದಿಂದ ಕಾರ್ತಿಕದವರೆಗಿನ ಮಳೆ ಮಾತ್ರ. ಆ ವರ್ಷ ಹೆದರಿದಷ್ಟು ನಾನು ಇನ್ಯಾವತ್ತೂ ಹೆದರಿಲ್ಲ, ಹೆರಿಗೆ ಕೋಣೆಯಲ್ಲೂ ಇಲ್ಲ.

ನಾನಾಗ ಆ ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಿದ್ದೆ. ಈಗಿನವರಿಗೆ ಅದೇನೆಂದು ಹೇಳಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಸುಕ್ಕು, ಗಾಯದ ಗುರುತು ಅಲ್ಲಿ ತೆಳುವಾದ ಬಿಳಿ ಗೆರೆಗಳಾಗಿ ಕಾಣುತ್ತವೆ. ಇಳಿಜಾರು ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕು ಹಾಯಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್‌ನಿಂದ ಆ ಬಿಳಿ ಗೆರೆಗಳನ್ನು ಚುಕ್ಕಿ ಚುಕ್ಕಿಯಾಗಿ ತುಂಬಬೇಕು. ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಸಿಡುಬಿನ ಕಲೆಗಳನ್ನು ನಾನು ಹೀಗೆ ಅಳಿಸಿದ್ದೇನೆ. ಮದುವೆಯಾದ ಮೇಲೆ ಗಂಡಂದಿರು ನನ್ನನ್ನು ಎಷ್ಟು ಬೈದುಕೊಂಡರೋ! ಆದರೆ ನನಗೆ ಜಂಬವಿತ್ತು. ಗೆರೆ ಕಂಡರೆ ಸಾಕು, ತಲೆಗಿಂತ ಮುಂಚೆ ಕೈ ಹೋಗುತ್ತಿತ್ತು.

ಸ್ಟುಡಿಯೋದ ಯಜಮಾನರು ನಂಜುಂಡಯ್ಯ, ನನಗೆ ಸಾರ್. ಹೊಟ್ಟೆಪಾಡಿಗೆ ಮದುವೆ ಫೋಟೋ, ಮನಸ್ಸಿಗೆ ಮಾತ್ರ ಕಾರ್ಖಾನೆ ಫೋಟೋ. ಭಾನುವಾರ ಬಂತೆಂದರೆ ಮೂರು ಕಾಲಿನ ಮರದ ಕ್ಯಾಮರಾ ಹೊತ್ತುಕೊಂಡು ಬನಶಂಕರಿ, ಸಾರಕ್ಕಿ, ಬನ್ನೇರುಘಟ್ಟ ರಸ್ತೆಯ ಶೆಡ್ಡುಗಳನ್ನು ಸುತ್ತುತ್ತಿದ್ದರು. ಗರಗಸದ ಹಲ್ಲಿನಂಥ ಛಾವಣಿಗಳು, ನೀರಿನ ಟ್ಯಾಂಕುಗಳು, ತುಕ್ಕು ಹಿಡಿದ ಏಣಿಗಳು, ಇಟ್ಟಿಗೆ ಗೋಡೆಯ ಮೇಲೆ ಬಿದ್ದ ನೆರಳು. "ಗೋಪುರ ಎಲ್ರೂ ತೆಗೀತಾರೆ ಸರೋಜ. ಇದನ್ನ ಕಟ್ಟಿದೋನೂ ಮೇಸ್ತ್ರಿನೇ ತಾನೆ? ಇದಕ್ಕೂ ಒಂದು ಅಂದ ಇದೆ ಅಂತ ನೋಡೋರಿಲ್ಲ" ಅನ್ನುತ್ತಿದ್ದರು. ಹಾಗೆ ತೆಗೆದ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕಲಾಪ್ರದರ್ಶನದ ಸ್ಪರ್ಧೆಗಳಿಗೆ ಕಳಿಸುತ್ತಿದ್ದರು. ಎಷ್ಟೋ ವರ್ಷಗಳಿಂದ ಬರೀ ವಾಪಸು ಬರುತ್ತಿದ್ದವು.

ನನ್ನ ಅಕ್ಕ ಗಿರಿಜ ಗೊಟ್ಟಿಗೆರೆಗೆ ಸ್ವಲ್ಪ ಮುಂಚೆ ಇದ್ದ ಒಂದು ಬಟ್ಟೆ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವ ವಿಭಾಗದಲ್ಲಿದ್ದಳು. ಬಿಳೇಕಹಳ್ಳಿಯ ಎರಡು ಕೋಣೆಯ ಮನೆಯಲ್ಲಿ ಅಮ್ಮ, ಅಕ್ಕ, ನಾನು. ಅಪ್ಪ ಹೋದ ಮೇಲೆ ಓದು ಬಿಟ್ಟು ಕೆಲಸಕ್ಕೆ ಸೇರಿದವಳು ಅವಳು. ನನ್ನನ್ನು ಟಚಿಂಗ್ ಕಲಿಯಲು ಕಳಿಸಿದವಳೂ ಅವಳೇ. ಆ ಕಾರ್ಖಾನೆಯ ಇಟ್ಟಿಗೆ ಚಿಮ್ನಿ ನಮ್ಮ ಮನೆಯ ಮೆಟ್ಟಿಲಿನಿಂದಲೂ ಕಾಣುತ್ತಿತ್ತು. ಸಾರ್‌ಗೆ ಅದರ ಮೇಲೆ ಬಹಳ ದಿನದಿಂದ ಕಣ್ಣು. ಮ್ಯಾನೇಜರ್ ಮಗಳ ಮದುವೆ ಫೋಟೋ ತೆಗೆದದ್ದೇ ನೆಪವಾಗಿ ಆಷಾಢದ ಒಂದು ಬೆಳಿಗ್ಗೆಗೆ ಅಪ್ಪಣೆ ಸಿಕ್ಕಿತು.

ನಾನೂ ಚೀಲ ಹಿಡಿದುಕೊಂಡು ಹೋಗಿದ್ದೆ. ರಾತ್ರಿ ಮಳೆ ಬಂದು ನಿಂತಿತ್ತು, ಗಾಳಿ ಜೋರು. ಸಾರ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಕೊಂಡು ಒಂದೂವರೆ ಗಂಟೆ ಕಾದರು. ಮೋಡ ಸರಿದು ಓರೆ ಬಿಸಿಲು ಚಿಮ್ನಿಯ ಪಕ್ಕವನ್ನು ಸವರಿಕೊಂಡು ಹೋಗಬೇಕು, ಒಂದೊಂದು ಇಟ್ಟಿಗೆಯೂ ಎದ್ದು ಕಾಣಬೇಕು, ಅದು ಅವರ ಹಟ. ಕೆಲಸಕ್ಕೆ ಬರುತ್ತಿದ್ದ ಹೆಂಗಸರು ನಗುತ್ತಿದ್ದರು. ಅಕ್ಕನ ಜೊತೆಗಾತಿ ಜಯಮ್ಮ, "ಸಾರ್, ಇಷ್ಟು ಜನ ಸೀರೆ ಉಟ್ಕೊಂಡು ನಿಂತಿದೀವಿ, ನಮ್ಮನ್ನ ಬಿಟ್ಟು ಆ ಕರಿ ಕಂಬ ತೆಗೀತೀರಲ್ಲ, ನಾವೇನು ಅಷ್ಟು ಕೆಟ್ಟೋಗಿದೀವಾ?" ಅಂದಳು. ಸಾರ್ ಬಟ್ಟೆಯೊಳಗಿಂದಲೇ, "ಅಮ್ಮ, ಅದು ಅಲ್ಲಾಡಲ್ಲ, ನೀವು ಅಲ್ಲಾಡ್ತೀರಿ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊನೆಗೆ ಎಂಟೂವರೆ ಸುಮಾರಿಗೆ ಬಿಸಿಲು ಬಂತು. ನಾಲ್ಕು ಚಿತ್ರ ತೆಗೆದರು, ಒಂದೊಂದೂ ಬೇರೆ ಬೇರೆ ಫಿಲ್ಮ್ ಶೀಟಿನ ಮೇಲೆ.

ಅವುಗಳಲ್ಲಿ ಒಂದನ್ನು ಆರಿಸಿ ಸಾರ್ ನನ್ನ ಮೇಜಿಗೆ ತಂದರು. "ಸ್ಪರ್ಧೆಗೆ ನಾಳೆನೇ ಕಡೇ ದಿನ. ಧೂಳು ಗೀಳು ನೋಡ್ಬಿಡು." ಗಾಜಿನ ಮೇಲೆ ಇಟ್ಟು ನೋಡಿದೆ. ಚಿಮ್ನಿಯ ಸೊಂಟಕ್ಕೆ ಬಿಗಿದ ಕಬ್ಬಿಣದ ಪಟ್ಟಿಯ ಬಳಿಯಿಂದ ಮೇಲಕ್ಕೆ, ಓರೆಯಾಗಿ, ಕೂದಲೆಳೆಯಂಥ ಒಂದು ಬಿಳಿ ಗೆರೆ. ಥೂ, ಫಿಲ್ಮ್ ಒಣಗಿಸುವಾಗ ಯಾರದೋ ಉಗುರು ತಾಗಿ ಗೀರಿದೆ ಅಂದುಕೊಂಡೆ. ನೆಗೆಟಿವ್ ಗೀರಿದರೂ ಹಾಗೇ ಬಿಳಿ ಗೆರೆಯೇ ಬರುವುದು. ಮಿಕ್ಕ ಮೂರು ನೆಗೆಟಿವ್ ಪಕ್ಕದ ಲಕೋಟೆಯಲ್ಲೇ ಇದ್ದವು. ಒಂದನ್ನು ತೆಗೆದು ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು. ಹಿಡಿಯಲಿಲ್ಲ. ಮುಖದ ಸುಕ್ಕು ತುಂಬುವ ಹಾಗೆ, ಇಟ್ಟಿಗೆ ಇಟ್ಟಿಗೆಯಾಗಿ, ನಡುವಿನ ಗಾರೆಯ ಸಂದನ್ನೂ ಬಿಡದೆ ಎರಡು ಗಂಟೆ ಕೂತು ತುಂಬಿದೆ. ಪ್ರಿಂಟ್ ನೋಡಿ ಸಾರ್, "ಕೈ ಅಂದ್ರೆ ಕೈ ಸರೋಜ ನಿಂದು!" ಅಂದರು. ಆ ಮಾತಿಗೆ ನಾನು ಎಷ್ಟು ಹಿಗ್ಗಿದೆ ಅಂತ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಆ ಚಿತ್ರಕ್ಕೆ ಪದಕ ಬಂತು. ಹತ್ತು ವರ್ಷ ಕಾದ ಮೇಲೆ ಬಂದ ಮೊದಲ ಪದಕ. ಸಾರ್ ಇಡೀ ಸಾಲಿನ ಅಂಗಡಿಗಳಿಗೆ ಮೈಸೂರುಪಾಕು ಹಂಚಿದರು. ಒಂದು ಪ್ರತಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಕೂತಿತು, ಇನ್ನೊಂದು ಕಟ್ಟು ಹಾಕಿಸಿಕೊಂಡು ಕಾರ್ಖಾನೆಯ ಮ್ಯಾನೇಜರ್ ಕೋಣೆಯ ಗೋಡೆಗೆ ಹೋಯಿತು.

ಆಮೇಲೆ ಗಣಪತಿ ಹಬ್ಬ, ದಸರಾ ಎಲ್ಲ ಮುಗಿದವು. ದೀಪಾವಳಿ ಕಳೆದರೂ ಆ ವರ್ಷ ಮಳೆ ಬಿಡಲಿಲ್ಲ. ಒಂದು ಸಂಜೆ ಅಕ್ಕ ಕೆಲಸದಿಂದ ಬಂದು, ಕಾಲು ತೊಳೆದು, ಒಲೆಯ ಮುಂದೆ ಕೂತು ಹೇಳಿದಳು. ಊಟದ ಹೊತ್ತಿನಲ್ಲಿ ಮೇಲಿಂದ ಇಟ್ಟಿಗೆ ಪುಡಿ ಬೀಳುತ್ತಿದೆಯಂತೆ. ಬಾಯ್ಲರ್ ನೋಡಿಕೊಳ್ಳುವ ಮುನಿವೆಂಕಟಪ್ಪ ಚಿಮ್ನಿ ಬಿರುಕು ಬಿಟ್ಟಿದೆ ಅಂತ ಒಂದೇ ಸಮನೆ ಹೇಳುತ್ತಿದ್ದನಂತೆ. ಕೊನೆಗೆ ಐದಾರು ಜನ ಸೇರಿ ಮ್ಯಾನೇಜರ್ ಹತ್ತಿರ ಹೋಗಿದ್ದಾರೆ.

"ಅವ್ರು ನಮ್ಮನ್ನೆಲ್ಲ ಒಳಗೆ ಕರ್ದು ಗೋಡೆ ಮೇಲಿರೋ ಫೋಟೋ ತೋರಿಸಿದ್ರು ಕಣೇ. ನಿಮ್ಮ ಸಾರ್ ತೆಗ್ದಿದ್ದು. 'ನೋಡ್ರಮ್ಮ, ಈ ವರ್ಷಾನೇ ತೆಗೆದಿರೋ ಫೋಟೋ, ಒಂದೊಂದು ಇಟ್ಟಿಗೆನೂ ಎಣಿಸಬಹುದು, ಎಲ್ಲಿದೆ ಬಿರುಕು?' ಅಂದ್ರು. ನಾನೂ ಹತ್ತಿರ ಹೋಗಿ ನೋಡ್ದೆ. ಒಂದು ಗೆರೆ ಇಲ್ಲ. ನಾನೇ ಮುನಿವೆಂಕಟಪ್ಪಂಗೆ ಹೇಳ್ದೆ, ಅಣ್ಣ, ನನ್ನ ತಂಗಿ ಕೆಲಸ ಮಾಡೋ ಸ್ಟುಡಿಯೋ ಫೋಟೋ ಅದು, ಅದ್ರಲ್ಲಿ ಕಾಣ್ದೆ ಇರೋದು ಏನೂ ಇಲ್ಲ, ಸುಮ್ನೆ ಹೆದರಿಸಬೇಡಿ ಅಂತ."

ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಯಾಕೆ, ಸಾರು ಖಾರವಾಯ್ತಾ?" ಅಂತ ಅಮ್ಮ ಕೇಳಿದಳು. ಹೂಂ ಅಂದೆ.

ಮಾರನೆಯ ಬೆಳಿಗ್ಗೆ ಸಾರ್ ಬರುವ ಮುಂಚೆಯೇ ಹೋಗಿ ಮಿಕ್ಕ ಮೂರು ನೆಗೆಟಿವ್‌ಗಳನ್ನು ಲಕೋಟೆಯಿಂದ ತೆಗೆದೆ. ಒಂದೊಂದನ್ನೇ ಗಾಜಿನ ಮೇಲೆ ಇಟ್ಟೆ. ಮೂರರಲ್ಲೂ ಅದೇ ಗೆರೆ, ಅದೇ ಪಟ್ಟಿಯ ಬಳಿಯಿಂದ, ಅದೇ ಓರೆಯಲ್ಲಿ. ಉಗುರು ಎಲ್ಲಾದರೂ ನಾಲ್ಕು ಬೇರೆ ಬೇರೆ ಶೀಟುಗಳನ್ನು ಒಂದೇ ಜಾಗದಲ್ಲಿ ಗೀರುತ್ತದೆಯೇ? ಸಾರ್ ಹಟ ಹಿಡಿದು ಕಾದಿದ್ದ ಓರೆ ಬಿಸಿಲು ಬರಿಗಣ್ಣಿಗೆ ಕಾಣದ ಬಿರುಕನ್ನು ಎತ್ತಿ ತೋರಿಸಿತ್ತು. ನಾನು ಅದನ್ನು ಕೂತು ಮುಚ್ಚಿದ್ದೆ.

ಅಲ್ಲಿ ಹೆಂಗಸರು ಎಲ್ಲಿ ಕೂತು ಉಣ್ಣುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯ್ಲರಿನಿಂದ ಚಿಮ್ನಿಗೆ ಬಿಸಿ ಹೊಗೆ ಒಯ್ಯುವ ಒಂದು ಇಟ್ಟಿಗೆಯ ಸುರಂಗ ನೆಲದ ಮೇಲೆ ಕಟ್ಟೆಯ ಹಾಗೆ ಹೋಗುತ್ತಿತ್ತು. ಬೆಳಿಗ್ಗೆ ಬಂದ ತಕ್ಷಣ ಎಲ್ಲರೂ ಅದರ ಮೇಲೆ ಊಟದ ಡಬ್ಬಿ ಸಾಲಾಗಿ ಇಡುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಸೈರನ್ ಆಗುವಷ್ಟರಲ್ಲಿ ಅನ್ನ ಒಲೆಯಿಂದ ಈಗ ಇಳಿಸಿದ ಹಾಗೆ ಬಿಸಿ. ಆ ಬೆಚ್ಚನೆಯ ಕಟ್ಟೆಗೆ ಬೆನ್ನು ಕೊಟ್ಟು, ಚಿಮ್ನಿಯ ಬುಡದಲ್ಲೇ ಸಾಲಾಗಿ ಕೂತು ಉಣ್ಣುತ್ತಿದ್ದರು. ಮಳೆಗಾಲದಲ್ಲಂತೂ ಆ ಜಾಗಕ್ಕೆ ಜಗಳ. ಅಕ್ಕನಿಗೆ ಚಿಮ್ನಿಯ ಪಕ್ಕದ್ದೇ ಜಾಗ, ಅವಳು ಹಳಬಳು.

ಸಾರ್ ಬಂದ ಮೇಲೆ ಹೇಳಿದೆ. ಅವರು ನೆಗೆಟಿವ್‌ಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಮತ್ತೆ ನೋಡಿದರು, ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟ್ಟು. "ಮಸಿ ಇಳಿದಿರೋ ಗುರುತು ಇರುತ್ತೆ ಅದು. ಈಗ ಹೋಗಿ ನಾವು ಅಳಿಸಿದ್ವಿ ಅಂತ ಹೇಳ್ತೀಯಾ? ಪದಕ ಕೊಟ್ಟೋರು ಏನಂತಾರೆ? ಗೀರು ಯಾವುದು ಬಿರುಕು ಯಾವುದು ಗೊತ್ತಿಲ್ದೋಳ ಕೈಗೆ ನಾಳೆ ಯಾರಮ್ಮ ನೆಗೆಟಿವ್ ಕೊಡ್ತಾರೆ? ಸ್ಟುಡಿಯೋ ಮುಚ್ಕೊಂಡು ಹೋಗ್ಬೇಕು, ನೀನೂ ಮನೆಗೆ ಹೋಗ್ಬೇಕು." ಅವರು ಕೆಟ್ಟವರಲ್ಲ. ಹೆದರಿದ್ದರು. ನಾನೂ ಹೆದರಿದ್ದೆ. ನೆಗೆಟಿವ್‌ಗಳನ್ನು ವಾಪಸು ಲಕೋಟೆಗೆ ಹಾಕಿದೆ.

ಆರು ದಿನ ಸುಮ್ಮನಿದ್ದೆ. ಮತ್ತೆ ಬರೆಯುತ್ತೇನೆ, ಆರು ದಿನ. ದಿನಾ ಬೆಳಿಗ್ಗೆ ಅಕ್ಕನ ಡಬ್ಬಿಗೆ ಊಟ ಹಾಕುವವಳು ನಾನೇ. ಬಿಸಿ ಮಾಡಲು ಆ ಕಟ್ಟೆಗೆ ಹೋಗದಿರಲಿ ಅಂತ ಮೊಸರನ್ನ ಕಲಸಿ ಹಾಕಿದೆ. ಮೂರನೆಯ ದಿನ ಅವಳು ಸಿಡಿದಳು. "ಲೇ ಸರೋಜಿ, ಈ ಜಡಿಮಳೇಲಿ ಮೂರು ದಿನದಿಂದ ಮೊಸರನ್ನನಾ? ನನಗೆ ನೆಗಡಿ ಹಿಡಿಸಿ ಸಾಯಿಸ್ಬೇಕು ಅಂತ ಇದೀಯಾ?"

"ಅಕ್ಕ, ಆ ಚಿಮ್ನಿ ಹತ್ರ ಕೂರಬೇಡ. ಬೇರೆ ಕಡೆ ಕೂತ್ಕೋ."

"ಯಾಕೆ, ನಿಮ್ಮ ಫೋಟೋದಲ್ಲೇ ಸರಿಯಾಗಿದೆಯಲ್ಲ" ಅಂತ ನಕ್ಕು ಚಪ್ಪಲಿ ಮೆಟ್ಟಿದಳು.

ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅನ್ನುವುದೊಂದೇ ಅಲ್ಲ. ಅವಳು ನನ್ನನ್ನು ಹೇಗೆ ನೋಡುತ್ತಾಳೋ ಅನ್ನುವ ಭಯ ಅದಕ್ಕಿಂತ ದೊಡ್ಡದಿತ್ತು. ಸ್ಟುಡಿಯೋದಲ್ಲಿ ಹನ್ನೆರಡೂಕಾಲಿನಿಂದ ನನಗೆ ಕೆಲಸ ಓಡುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದೆ. ಒಂದು ಗಂಟೆ ಹೊಡೆದರೆ ಇವತ್ತಿನದು ಮುಗಿಯಿತು ಅಂತ ಉಸಿರು ಬಿಡುತ್ತಿದ್ದೆ. ಹೊರಗೆ ಲಾರಿಯೊಂದು ಜಲ್ಲಿ ಸುರಿದ ಸದ್ದಿಗೆ ಒಮ್ಮೆ ಪೆನ್ಸಿಲ್ ನೆಗೆಟಿವ್ ಮೇಲೆ ಜಾರಿ ಒಬ್ಬ ಮದುಮಗಳ ಕೆನ್ನೆ ಹಾಳಾಯಿತು.

ಆರನೆಯ ದಿನ ಸಂಜೆ ಅಕ್ಕ ಸೆರಗಿನ ತುದಿ ಬಿಚ್ಚಿ ತೋರಿಸಿದಳು. ಅಂಗೈಯಷ್ಟು ದೊಡ್ಡ ಇಟ್ಟಿಗೆ ಚೂರು. "ನೋಡೇ, ಇವತ್ತು ಜಯಮ್ಮನ ತಟ್ಟೆ ಪಕ್ಕದಲ್ಲೇ ಬಿತ್ತು" ಅಂದಳು, ಏನೋ ತಮಾಷೆ ನಡೆದ ಹಾಗೆ.

ಏಳನೆಯ ದಿನ ಸಾರ್ ಒಂದು ಮದುವೆಗೆ ಹೋಗಿದ್ದರು. ಪದಕ ಬಂದ ನೆಗೆಟಿವ್ ತೆಗೆದು ಹತ್ತಿಗೆ ಟರ್ಪೆಂಟೈನ್ ಹಾಕಿ ಒರೆಸಿದೆ. ಪೆನ್ಸಿಲ್ ಕೆಲಸವೆಲ್ಲ ಒಂದೇ ಸಲಕ್ಕೆ ಹತ್ತಿಗೆ ಬಂತು. ಡಾರ್ಕ್‌ರೂಮಿಗೆ ಹೋಗಿ ಸಾರನ್ನು ಕೇಳದೆಯೇ ದೊಡ್ಡ ಕಾಗದ ತೆಗೆದು ಪ್ರಿಂಟ್ ಹಾಕಿದೆ. ಕೆಂಪು ಬೆಳಕಿನಲ್ಲಿ, ಟ್ರೇಯ ನೀರಿನೊಳಗೆ, ಮೊದಲು ಚಿಮ್ನಿ ಮೂಡಿತು, ಆಮೇಲೆ ಆ ಕಪ್ಪು ಗೆರೆ ಮೂಡಿತು. ಎಷ್ಟು ಉದ್ದ! ಆ ಹುಳಿ ವಾಸನೆಯ ಮಧ್ಯೆ ನಿಂತು ಜೋರಾಗಿ ಅತ್ತೆ. ಪ್ರಿಂಟ್ ಪೂರ್ತಿ ಒಣಗಲೂ ಕಾಯದೆ ಪೇಪರ್‌ನಲ್ಲಿ ಸುತ್ತಿಕೊಂಡು, ಮಿಕ್ಕ ಮೂರು ನೆಗೆಟಿವ್ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಗೇಟಿನ ಹತ್ತಿರ ಇಳಿಯುವಾಗಲೇ ಸೈರನ್ ಆಯಿತು. ಮ್ಯಾನೇಜರ್ ಕೋಣೆಗೆ ಹೋಗಲಿಲ್ಲ, ವಾಚ್‌ಮನ್ ಕೂಗಿದರೂ ನಿಲ್ಲಲಿಲ್ಲ. ನೇರ ಚಿಮ್ನಿಯ ಬುಡಕ್ಕೆ ಓಡಿದೆ. ಅಕ್ಕ ಆಗಷ್ಟೇ ಡಬ್ಬಿ ಮುಚ್ಚಳ ತೆಗೆಯುತ್ತಿದ್ದಳು. "ಅಮ್ಮಂಗೆ ಏನಾಯ್ತೇ?" ಅಂತ ಎದ್ದಳು.

"ಅಮ್ಮ ಚೆನ್ನಾಗಿದಾಳೆ. ಇದನ್ನ ನೋಡಿ. ಎಲ್ರೂ ನೋಡಿ. ಬಿರುಕು ಇದೆ. ಮ್ಯಾನೇಜರ್ ರೂಮಲ್ಲಿರೋ ಫೋಟೋದಲ್ಲಿ ನಾನೇ ಅಳಿಸಿದೀನಿ. ಗೀರು ಅಂದ್ಕೊಂಡು ಅಳಿಸ್ಬಿಟ್ಟೆ."

ಹೆಂಗಸರು ಒದ್ದೆ ಕಾಗದದ ಸುತ್ತ ಬಗ್ಗಿದರು. ಮುನಿವೆಂಕಟಪ್ಪ ಮಸಿ ಕೈಯಲ್ಲೇ ಅದನ್ನು ಹಿಡಿದುಕೊಂಡು, ಒಮ್ಮೆ ಕಾಗದ, ಒಮ್ಮೆ ಮೇಲೆ ನೋಡಿದ. "ಪಟ್ಟಿ ಹತ್ರದಿಂದ ಶುರು. ನಾನು ಬಡ್ಕೊಂಡಿದ್ದೂ ಅದನ್ನೇ ಅಲ್ವೇನ್ರಮ್ಮ" ಅಂದ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು.

"ಅಲ್ಲಮ್ಮ, ಅಳಿಸೋಕೆ ಬರೋಳಿಗೆ ಬರೆಯೋಕೆ ಬರಲ್ವಾ? ಈ ಗೆರೆ ನೀನೇ ಎಳೆದಿಲ್ಲ ಅಂತ ನಾನು ಹೇಗೆ ನಂಬಲಿ?"

ನೆಗೆಟಿವ್ ತೆಗೆದು ತೋರಿಸಲು ಹೋದೆ. "ಅದನ್ನ ನೋಡಿದ್ರೆ ನನಗೇನು ಗೊತ್ತಾಗುತ್ತೆ" ಅಂತ ಕೈ ಅಡ್ಡ ಹಿಡಿದರು. ನನ್ನ ಕೈಚಳಕ ಊರಿಗೇ ಗೊತ್ತಿತ್ತು, ಅದೇ ಈಗ ನನ್ನ ಮಾತಿಗೆ ಮಣ್ಣು ಹಾಕಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. "ಸಾರ್, ಅವಳು ಬರೆದಿದಾಳೋ ಅಳಿಸಿದಾಳೋ ನಂಗೆ ಗೊತ್ತಿಲ್ಲ. ನನ್ನ ತಂಗಿ ಹಿಂಗೆ ಓಡಿದ್ದು ನಾನು ನೋಡಿಲ್ಲ. ನಾನು ಇಲ್ಲಿ ಕೂತು ಉಣ್ಣಲ್ಲ" ಅಂದು ಸೈಕಲ್ ಶೆಡ್ಡಿನ ಕಡೆ ನಡೆದಳು. ಜಯಮ್ಮ ಎದ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಅಂದಿನಿಂದ ಡಬ್ಬಿ ಕಟ್ಟೆಯ ಮೇಲೆ ಬಿಸಿಯಾಗುತ್ತಿತ್ತು, ಸೈರನ್ ಆದ ತಕ್ಷಣ ಎತ್ತಿಕೊಂಡು ಬಂದು ಸೈಕಲ್ ಶೆಡ್ಡಿನಲ್ಲಿ ಕೂತು ಉಣ್ಣುತ್ತಿದ್ದರು. ಅಲ್ಲಿ ಇರಚಲು ಮಳೆ, ಎಣ್ಣೆ ಜಿಡ್ಡು. ಮ್ಯಾನೇಜರ್ ಮೇಲಿನವರಿಗೆ ಬರೆದಿದ್ದೇನೆ ಅಂದರು, ಯಾರೂ ಬರಲಿಲ್ಲ. ಒಂದು ವಾರವಾಯಿತು, ಚಿಮ್ನಿ ಹಾಗೇ ನಿಂತಿತ್ತು. "ನಿನ್ನ ತಂಗಿ ಫೋಟೋ ನಂಬ್ಕೊಂಡು ನೆನೀತಾ ಕೂತಿದೀವಲ್ಲೇ ಗಿರಿಜ, ಸಾಕು ನಡಿ ವಾಪಸ್ಸು" ಅಂತ ಜಯಮ್ಮ ರೇಗಿಸತೊಡಗಿದಳಂತೆ. ಅದನ್ನು ಕೇಳಿದಾಗ ನನಗೆ ಬೇರೆಯದೇ ಹೆದರಿಕೆ ಶುರುವಾಯಿತು. ಅವರು ವಾಪಸು ಹೋಗಿಬಿಟ್ಟರೆ? ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಆ ಚಿಮ್ನಿ ನೋಡುತ್ತಾ, ಬಿದ್ದುಹೋಗು, ಬೇಗ ಬಿದ್ದುಹೋಗು ಅಂತ ಬೇಡಿಕೊಳ್ಳುತ್ತಿದ್ದೆ. ಯಾರಿಗಾದರೂ ತಾಗಿದರೆ ಅನ್ನುವ ಯೋಚನೆ ಆಮೇಲೆ ಬರುತ್ತಿತ್ತು. ನನ್ನ ಬಗ್ಗೆಯೇ ನನಗೆ ಭಯವಾಗುತ್ತಿತ್ತು.

ಹತ್ತನೆಯ ದಿನ ಬಿತ್ತು. ಹೆಂಗಸರು ಡಬ್ಬಿ ಎತ್ತಿಕೊಂಡು ಬಂದು ಶೆಡ್ಡಿನಲ್ಲಿ ಕೂತಿದ್ದಾರೆ, ಮುನಿವೆಂಕಟಪ್ಪನೂ ಅಂದು ಅವರ ಜೊತೆಗೇ ಬಂದಿದ್ದಾನೆ. ಗುಡುಗು ಅಂದುಕೊಂಡರಂತೆ. ಪಟ್ಟಿಯಿಂದ ಮೇಲಿನ ಅರ್ಧ ಚಿಮ್ನಿ ಆ ಬೆಚ್ಚನೆಯ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿತು. ಕಟ್ಟೆಯ ಗುರುತೂ ಉಳಿಯಲಿಲ್ಲ. ಒಬ್ಬರಿಗೂ ಏನೂ ಆಗಲಿಲ್ಲ.

ಸುದ್ದಿ ಜಯನಗರಕ್ಕೆ ಬಂದಾಗ ಸಾರ್ ಹೋಗಿ ಕಿಟಕಿಯಲ್ಲಿದ್ದ ಚಿತ್ರ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆಮೇಲೆ ಅವರು ಯಾವ ಕಾರ್ಖಾನೆಯ ಕಡೆಗೂ ಕ್ಯಾಮರಾ ತಿರುಗಿಸಲಿಲ್ಲ, ನಾನು ಅಲ್ಲಿ ಕೆಲಸಕ್ಕಿದ್ದಷ್ಟು ದಿನವೂ.

ಅಕ್ಕ ಸಂಜೆ ಬಂದಾಗ ತಲೆಯ ತುಂಬ ಇಟ್ಟಿಗೆ ಧೂಳು. ಅಮ್ಮ ಅಳುತ್ತಾ ಬಿಸಿನೀರು ಹೊಯ್ಯುತ್ತಿದ್ದಳು. ಅಕ್ಕ ನೀರಿನ ಮಧ್ಯೆಯೇ ಕಣ್ಣು ಬಿಟ್ಟು ಕೇಳಿದಳು. "ನಿಂಗೆ ಅದು ಬಿರುಕು ಅಂತ ಯಾವತ್ತು ಗೊತ್ತಾಯ್ತೇ?"

"ಓಡಿ ಬಂದ್ನಲ್ಲ, ಅವತ್ತೇ. ಗೊತ್ತಾದ ತಕ್ಷಣ ಬಂದೆ" ಅಂದೆ.

ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳು ಆ ಕಥೆ ಹೇಳಿದಳು. ನನ್ನ ಮದುವೆಯಲ್ಲಿ ಬೀಗರಿಗೆ ಹೇಳಿದಳು, ನನ್ನ ಮಕ್ಕಳಿಗೆ ಹೇಳಿದಳು, ಆಸ್ಪತ್ರೆಯ ಸಾಲಿನಲ್ಲಿ ಪಕ್ಕ ಕೂತವರಿಗೂ ಹೇಳಿದಳು. "ಇವಳು ನನ್ನ ತಂಗಿ, ಗೊತ್ತಾದ ದಿನಾನೇ ಕೆಲಸ ಹೋದ್ರೂ ಹೋಗ್ಲಿ ಅಂತ ಓಡಿ ಬಂದೋಳು." ಪ್ರತಿ ಸಲವೂ ನಾನು ತಲೆ ಬಗ್ಗಿಸಿ ಕೂರುತ್ತಿದ್ದೆ. ನೋಡಿದವರು ವಿನಯ ಅಂದುಕೊಳ್ಳುತ್ತಿದ್ದರು.

ಹೋದ ತಿಂಗಳು ಅವಳು ನಮ್ಮ ಮನೆಗೆ ಬಂದಿದ್ದಾಗ ನನ್ನ ಸೊಸೆಗೆ ಮತ್ತೆ ಶುರು ಮಾಡಿದಳು. "ಗೊತ್ತಾದ ದಿನಾನೇ" ಅನ್ನುವಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. "ಅವತ್ತೇ ಅಲ್ಲ ಅಕ್ಕ" ಅಂದೆ. "ಆರು ದಿನ ಮುಂಚೇನೇ ಗೊತ್ತಿತ್ತು. ಹೆದರಿಕೊಂಡು ಸುಮ್ನಿದ್ದೆ."

ಅಕ್ಕ ನನ್ನ ಕಡೆ ತಿರುಗಿದಳು. ಎಂಬತ್ತರ ಹತ್ತಿರ ಬಂದ ಅವಳ ಮುಖದ ತುಂಬ ಸುಕ್ಕು. ಯಾವ ಸುಕ್ಕೂ ಅಲುಗಲಿಲ್ಲ.

"ನಾನು ಅಲ್ಲಿ ಕೂತು ಉಣ್ತಿದ್ದಾಗ ನೀನೇನು ಮಾಡ್ತಿದ್ದೆ?"

"ಗಡಿಯಾರ ನೋಡ್ತಿದ್ದೆ."

"ಹೂಂ" ಅಂದಳು. ಸೊಸೆಗೆ ಕಾಫಿ ತರಲು ಹೇಳಿದಳು. ಕುಡಿದಳು. ಹೊರಡುವಾಗ ಎಂದಿನ ಹಾಗೆ ನನ್ನ ಕೆನ್ನೆ ತಟ್ಟಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೋ ಅಂದಳು. ಆಟೋ ಹತ್ತಿಸಿ ಬಂದೆ. ಆಮೇಲೆ ಎರಡು ಸಲ ಬಂದುಹೋಗಿದ್ದಾಳೆ, ಒಂದು ಸಲ ಮನೆ ತುಂಬ ನೆಂಟರಿದ್ದರು. ಆ ಕಥೆಯನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.